ದೋಸ್ತ ಕೂಗಿದ್ದು ನನಗೆ ಕೇಳಿಸಿತ್ತು

ಈ ಚಾನೆಲ್‌ನಲ್ಲಿ ಇದು ನನ್ನ ಮೊದಲನೇ ಮಾತು. ಅಲ್ಲಲ್ಲಿ ತಡವರಿಸಿದರೆ ಹೊಟ್ಟೆಗೆ ಹಾಕ್ಕೊಳ್ಳಿ. ಇಲ್ಲಿ ಸಾಮಾನ್ಯವಾಗಿ ಕೆಲಸ ಬದಲಾಯಿಸೋದು, ಮನೆ ಸಾಲ, ಮಕ್ಕಳಿಗೆ ಕನ್ನಡ ಕಲಿಸೋದು ಇಂಥ ವಿಷಯಗಳು ಬರ್ತವೆ. ನಾನು ಮೀನು ಹಿಡಿಯೋದರ ಬಗ್ಗೆ ಮಾತಾಡ್ತೀನಿ ಅಂದಾಗ ಚಾನೆಲ್ ನಡೆಸೋರು ಒಂದು ನಿಮಿಷ ಸುಮ್ಮನಾದರು. ಆಮೇಲೆ, ಆಯ್ತು, ಆದರೆ ಮಧ್ಯದಲ್ಲಿ ಅಡುಗೆ ರೆಸಿಪಿ ಹೇಳಬೇಡಿ ಅಂದರು. ಹೇಳಲ್ಲ.

ನಿಮ್ಮಲ್ಲಿ ಬಹಳ ಜನ ಹಿಂಜವಡಿ, ಖರಾಡಿ, ಮಗರಪಟ್ಟಾ ಕಡೆಯವರು. ನಾನಿರೋದು ಕುರಕುಂಭದಲ್ಲಿ. ಊರಿಗೆ ಫೋನ್ ಮಾಡಿದಾಗ ಪುಣೆ ಅಂತಲೇ ಹೇಳೋದು, ಆದರೆ ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಸುಮಾರು 80 ಕಿಲೋಮೀಟರ್ ಬಂದರೆ ನಮ್ಮ ಊರು. ಹತ್ತಿರದ ದೊಡ್ಡ ಸ್ಟೇಷನ್ ದೌಂಡ್. ಒಂದು ಕಡೆ ಫಿರಂಗಾಯಿ ದೇವಿ ಗುಡಿ, ಇನ್ನೊಂದು ಕಡೆ ಎಂಐಡಿಸಿ. ಎಂಐಡಿಸಿ ಅಂದರೆ ಇಲ್ಲಿ ಹೆಚ್ಚಾಗಿ ಕೆಮಿಕಲ್ ಕಂಪನಿಗಳು. ನನ್ನದು ಕಂಟ್ರೋಲ್ ಸಿಸ್ಟಮ್ ಸಾಫ್ಟ್‌ವೇರ್ ಕೆಲಸ. ರಿಯಾಕ್ಟರ್ ಒಳಗಿನ ಟೆಂಪರೇಚರ್ ಏರಿದರೆ, ಪ್ರೆಶರ್ ಏರಿದರೆ, ಆಪರೇಟರ್ ಸ್ಕ್ರೀನಿನ ಮೇಲೆ ಯಾವ ಬಣ್ಣದಲ್ಲಿ ಅಲಾರಂ ಬರಬೇಕು, ಎಷ್ಟು ಜೋರಾಗಿ ಕೂಗಬೇಕು, ಅವನು ಏನು ಒತ್ತಿದರೆ ಸುಮ್ಮನಾಗಬೇಕು, ಅದನ್ನೆಲ್ಲ ಬರೆಯೋದು. ಈ ಅಲಾರಂ ವಿಷಯ ನೆನಪಿನಲ್ಲಿಡಿ, ಮುಂದೆ ಬರುತ್ತೆ.

ನನ್ನ ಊರು ಕುಮಟಾ ಕಡೆ. ಸಮುದ್ರದ ಸದ್ದು ಕೇಳ್ತಾ ಮಲಗಿ ಬೆಳೆದವನು. ಕುರಕುಂಭಕ್ಕೆ ಬಂದ ಮೊದಲ ವರ್ಷ ನನಗೆ ನಿದ್ದೆ ಬರ್ತಿರಲಿಲ್ಲ, ಏನೋ ಒಂದು ನಿಂತುಹೋಗಿದೆ ಅನ್ನಿಸೋದು. ಇಲ್ಲಿ ರಾತ್ರಿ ಹೆದ್ದಾರಿಯ ಟ್ರಕ್ಕುಗಳ ಸದ್ದು ಬಿಟ್ಟರೆ ಬೇರೆ ಇಲ್ಲ.

ಇನ್ನು ನನ್ನ ಜೊತೆಗಾರ. ಹೆಸರು ಹಾಕಬೇಡ ಅಂದಿದಾನೆ, ಹಾಗಾಗಿ ಇವತ್ತು ಅವನು ಬರೀ ದೋಸ್ತ. ಅವನೂ ನನ್ನನ್ನು ಹಾಗೇ ಕರೆಯೋದು. ಊರು ಅಫಜಲಪುರ ತಾಲೂಕು, ಗಾಣಗಾಪುರದ ಹತ್ತಿರ, ಭೀಮಾ ನದಿಯ ದಂಡೆ. ನಮ್ಮ ಪ್ಲಾಂಟಿನಲ್ಲೇ ಸೇಫ್ಟಿ ವಿಭಾಗ. ಮೊದಲ ದಿನ ಕ್ಯಾಂಟೀನಿನಲ್ಲಿ ನಾನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡ್ತಿದ್ದೆ. ಹಿಂದಿನ ಟೇಬಲ್‌ನಿಂದ ಒಂದು ದನಿ, "ನಿಮ್ಮ ಕನ್ನಡ ಭಾಳ ಉಪ್ಪ ಅದ ನೋಡ್ರಿ." ಹಾಗೆ ಪರಿಚಯ. ಆರು ತಿಂಗಳಲ್ಲಿ 'ರಿ' ಹೋಯ್ತು.

ಭಾನುವಾರ ನಾವಿಬ್ಬರೂ ಭಿಗವಣ ಕಡೆ ಹೋಗ್ತಿದ್ವಿ. ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿವರೆಗೂ ನಿಲ್ಲುತ್ತೆ. ಚಳಿಗಾಲದಲ್ಲಿ ರಾಜಹಂಸ ನೋಡೋಕೆ ಪುಣೆಯಿಂದ ಜನ ಬರ್ತಾರಲ್ಲ, ಅದೇ ಜಾಗ. ಅವರು ದೊಡ್ಡ ಕ್ಯಾಮೆರಾ ಹಿಡ್ಕೊಂಡು ಒಂದು ಕಡೆ, ನಾವು ಗಾಳ ಹಿಡ್ಕೊಂಡು ಇನ್ನೊಂದು ಕಡೆ. ಸಿಗೋದು ಚಿಲಾಪಿ. ತಿಲಾಪಿಯಾಕ್ಕೆ ಇಲ್ಲಿಯವರು ಇಟ್ಟ ಹೆಸರು. ಹಿಡಿಯೋಕೆ ದೊಡ್ಡ ಜಾಣತನ ಬೇಡ. ದೋಸ್ತ ಆ ನೀರು ನೋಡ್ತಾ ಒಂದು ಮಾತು ಹೇಳ್ತಿದ್ದ: "ಈ ನೀರ ನಮ್ಮೂರಿಗಿ ಹೊಂಟದ. ನಾವು ಇಲ್ಲೇ ಕುಂತೀವಿ." ನಿಜ. ಭೀಮಾ ಇಲ್ಲಿಂದ ಪಂಢರಪುರ ದಾಟಿ ನಮ್ಮ ರಾಜ್ಯಕ್ಕೆ ಇಳಿದು, ಅವರ ಊರ ಹೊಲದ ಪಕ್ಕ ಹಾದು, ಮುಂದೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತೆ.

ಚಿಲಾಪಿ ಹಿಡಿದು ಹಿಡಿದು ನಾನು ಸಮುದ್ರದ ಬಡಾಯಿ ಶುರು ಮಾಡಿದೆ. ಇದೆಲ್ಲ ಮೀನೇ ಅಲ್ಲ, ನಮ್ಮ ಕಡೆ ಬಂಡೆ ಮೇಲೆ ನಿಂತು ಚೋಣಕ ಹಿಡಿಯೋದು ನೋಡಬೇಕು, ಅಂತ.

ಚೋಣಕ ಅನ್ನೋದು ಕೊಂಕಣಿ ಹೆಸರು, ಕಾರವಾರ, ಗೋವಾ ಕಡೆ ಎಲ್ಲರಿಗೂ ಗೊತ್ತು. ಇಂಗ್ಲಿಷಿನಲ್ಲಿ ಏಷ್ಯನ್ ಸೀ ಬಾಸ್, ಆಸ್ಟ್ರೇಲಿಯಾದವರ ಬ್ಯಾರಾಮಂಡಿ. ಬಂಗಾಳಿಗಳು ಭೇಟ್ಕಿ ಅಂತ ಪ್ರಾಣ ಬಿಡೋದೂ ಇದಕ್ಕೇ. ನಮ್ಮ ಪ್ಲಾಂಟಿನ ರಾಯಗಡದ ಹುಡುಗರನ್ನು ಕೇಳಿದರೆ ಜಿತಾಡಾ ಅಂತಾರೆ, ಹೇಳುವಾಗಲೇ ಬಾಯಲ್ಲಿ ನೀರು. ಯೂಟ್ಯೂಬಿನಲ್ಲಿ ಇಂಗ್ಲೆಂಡ್, ಐರ್ಲೆಂಡಿನವರು ಚಳಿಯಲ್ಲಿ ಬಂಡೆ ಮೇಲೆ ನಿಂತು ಬಾಸ್ ಹಿಡಿಯೋ ವಿಡಿಯೋ ನೋಡಿರ್ತೀರಿ. ಅದು ಬೇರೆ ಜಾತಿ, ಆದರೆ ಸ್ವಭಾವ ಒಂದೇ ಥರ: ನೀರು ಬಂಡೆಗೆ ಬಡಿದು ನೊರೆ ಏಳುವ ಕಡೆ ಹೊಂಚು ಹಾಕಿ ಸಣ್ಣ ಮೀನು ಹಿಡಿಯೋದು. ಅಂದರೆ ಅದನ್ನು ಹಿಡಿಯಬೇಕಾದರೆ ನಾವೂ ನೊರೆಯ ಹತ್ತಿರವೇ ನಿಲ್ಲಬೇಕು. ಎಲ್ಲ ತಾಪತ್ರಯ ಇರೋದು ಇಲ್ಲೇ.

ಈ ಮೀನಿನ ಬದುಕು ವಿಚಿತ್ರ. ಅಳಿವೆಯ ಬಾಯಿಯ ಉಪ್ಪು ನೀರಲ್ಲಿ ಹುಟ್ಟುತ್ತೆ, ಮರಿಯಾಗಿದ್ದಾಗ ಕಾಂಡ್ಲಾ ಗಿಡಗಳ ಬುಡ, ಗಜನಿ ಗದ್ದೆ, ಹೊಳೆ ಅಂತ ಮೇಲಕ್ಕೆ ಹೋಗುತ್ತೆ, ದೊಡ್ಡದಾದ ಮೇಲೆ ಮೊಟ್ಟೆ ಇಡೋಕೆ ವಾಪಸ್ ಸಮುದ್ರದ ಕಡೆ. ಅದಕ್ಕಿಂತ ಹೆಚ್ಚಿನದು, ಮೊದಲು ಎಲ್ಲವೂ ಗಂಡು. ಕೆಲವು ವರ್ಷ ಗಂಡಾಗಿದ್ದು, ಆಮೇಲೆ ಹೆಣ್ಣಾಗುತ್ತೆ. ಹಾಗಾಗಿ ಭಾರಿ ಗಾತ್ರದ ಚೋಣಕ ಸಿಕ್ಕರೆ ಅದು ಹೆಚ್ಚು ಕಡಿಮೆ ಹೆಣ್ಣೇ, ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲದ್ದು. ಅಂಥದ್ದನ್ನು ಬಿಡಬೇಕು ಅಂತ ತಿಳಿದವರು ಹೇಳ್ತಾರೆ. ನಾನೂ ದೋಸ್ತನಿಗೆ ದಾರಿಯುದ್ದಕ್ಕೂ ಇದೇ ಉಪನ್ಯಾಸ ಕೊಟ್ಟಿದ್ದೆ: ಮೊಣಕೈ ಉದ್ದದ್ದು ಸಿಕ್ಕರೆ ಊಟಕ್ಕೆ, ದೊಡ್ಡದು ಸಿಕ್ಕರೆ ಒಂದು ಫೋಟೋ ತೆಗೆದು ವಾಪಸ್ ನೀರಿಗೆ. ಇದೂ ನೆನಪಿರಲಿ.

ಹೊರಟಿದ್ದು ಏಪ್ರಿಲ್‌ನಲ್ಲಿ, ಒಂದು ಶುಕ್ರವಾರ ಸಂಜೆ ಶಿಫ್ಟ್ ಮುಗಿಸಿ. ಕುರಕುಂಭದಿಂದ ಬಾರಾಮತಿ, ಫಲಟಣ ಮೇಲೆ ಸಾತಾರಾ, ಅಲ್ಲಿಂದ ಹೆದ್ದಾರಿ. ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ. ಘಟ್ಟ ಇಳಿಯುವಾಗ ಬೆಳಗಾಗಿತ್ತು, ಕಿಟಕಿ ಇಳಿಸಿದೆ, ಸೆಕೆ ಒಳಗೆ ಬಂತು. ಊರಿನ ಸೆಕೆ! ನೀವೆಲ್ಲ ನಗಬೇಡಿ, ಊರು ಬಿಟ್ಟವರಿಗೆ ಸೆಕೆ ಕೂಡ ಆಸೆಯಾಗುತ್ತೆ.

ಜಾಗ ಅಘನಾಶಿನಿ ಅಳಿವೆಯ ದಕ್ಷಿಣ ದಂಡೆಯ ಕಡೆ, ಕೆಂಪು ಗುಡ್ಡ ಸೀದಾ ಸಮುದ್ರಕ್ಕೆ ಇಳಿಯುವಲ್ಲಿ. ಎದುರು ದಂಡೆ ತದಡಿ ಬಂದರು. ಸರಿಯಾಗಿ ಎಲ್ಲಿ ಅಂತ ಹೇಳಲ್ಲ, ಗಾಳ ಹಾಕೋರು ಯಾರೂ ಹೇಳಲ್ಲ. (ನಗು) ಆ ಹೊಳೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಅಘನಾಶಿನಿ ಶಿರಸಿಯ ಹತ್ತಿರ ಹುಟ್ಟಿ ಒಂದೇ ಒಂದು ದೊಡ್ಡ ಅಣೆಕಟ್ಟೂ ಇಲ್ಲದೆ ಸಮುದ್ರ ಸೇರುತ್ತೆ. ಅದರ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಸಾವಿರಾರು ಕುಟುಂಬಗಳಿವೆ, ಉಪ್ಪು ನೀರಲ್ಲಿ ಬೆಳೆಯುವ ಕಗ್ಗ ಭತ್ತ ಇದೆ, ಸಾಣಿಕಟ್ಟಾದ ಉಪ್ಪಿನ ಆಗರ ಇದೆ. 2024ರಲ್ಲಿ ಅದನ್ನು ರಾಮ್ಸರ್ ಪಟ್ಟಿಗೆ ಸೇರಿಸಿದರು. ಚೋಣಕ ಅಲ್ಲಿ ಇರೋದಕ್ಕೆ ಇದೆಲ್ಲ ಕಾರಣ. ಮರಿಗೆ ಬೇಕಾದ ಕಾಂಡ್ಲಾ ಮತ್ತು ಗಜನಿ ಇನ್ನೂ ಉಳಿದಿದೆ.

ಶನಿವಾರ ಊರ ಮನೆಯಲ್ಲಿ ಮಲಗಿ, ಭಾನುವಾರ ಬೆಳಗಿನ ಜಾವ ಐದಕ್ಕೆ ಬಂಡೆ ಹತ್ತಿರ ಇದ್ವಿ. ನನ್ನ ಸಾಮಾನು: ಒಂಬತ್ತು ಅಡಿ ರಾಡ್, 4000 ಸೈಜಿನ ರೀಲ್, ಹೆಣೆದ ದಾರ, ತುದಿಗೆ ದಪ್ಪ ಲೀಡರ್. ಚೋಣಕದ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ತೆಳು ದಾರ ಹಾಕಿದರೆ ತಲೆ ಝಾಡಿಸಿ ಕತ್ತರಿಸಿಬಿಡುತ್ತೆ. ಹೊಸ ಶೂ ಕೂಡ ಕೊಂಡಿದ್ದೆ. ಎಲ್ಲ ಲೆಕ್ಕ ಹಾಕಿದರೆ ನನ್ನ ಮೈಮೇಲೆ ಹದಿನೆಂಟು ಸಾವಿರ ರೂಪಾಯಿ ಸಾಮಾನಿತ್ತು. ಲೈಫ್ ಜಾಕೆಟ್ ಇರಲಿಲ್ಲ. ಹಗ್ಗ ಇರಲಿಲ್ಲ. ಎರಡೂ ಸೇರಿ ಮೂರು ಸಾವಿರ ಆಗ್ತಿತ್ತೇನೋ.

ದೋಸ್ತ ಗಾಳ ಹಾಕಲಿಲ್ಲ. ಸಮುದ್ರ ಅವನಿಗೆ ಹೊಸದು. ನಾನು ನಿಂತ ಬಂಡೆಯಿಂದ ಎರಡಾಳೆತ್ತರ ಮೇಲೆ ಒಣಗಿದ ಕಲ್ಲಿನ ಮೇಲೆ ಫ್ಲಾಸ್ಕ್ ಇಟ್ಕೊಂಡು ಕೂತ. ಇಳಿಯೋ ಮುಂಚೆ ಕೇಳಿದ, "ನಿನ್ನ ಕಾಲ ಬುಡ ಹಸಿ ಯಾಕದ?" ನಾನು, ರಾತ್ರಿ ಭರತದ್ದಿರಬೇಕು ಬಿಡು ಅಂದೆ. ಭರತ ಅಂದರೆ ನಮ್ಮ ಕಡೆ ಉಬ್ಬರ. ಆದರೆ ಉಬ್ಬರದ ನೀರು ಅಷ್ಟು ಮೇಲೆ ಬರಲ್ಲ. ಬಂಡೆ ಹಸಿಯಾಗಿದೆ ಅಂದರೆ ಸ್ವಲ್ಪ ಹೊತ್ತಿನ ಮುಂಚೆ ಅಲೆಯೊಂದು ಅಲ್ಲಿಗೆ ಬಂದು ಹೋಗಿದೆ ಅಂತಲೇ ಅರ್ಥ. ಸಮುದ್ರ ದಂಡೆಯಲ್ಲಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು, ಗೊತ್ತಿತ್ತು ಕೂಡ. ನದಿ ದಂಡೆಯವನು ಕೇಳಿದ, ಕಡಲ ದಂಡೆಯವನು ತಳ್ಳಿಹಾಕಿದ.

ಇಲ್ಲಿ ಸ್ವಲ್ಪ ನಿಲ್ಲಿಸಿ ಅಲೆಯ ವಿಷಯ ಹೇಳಬೇಕು, ಯಾಕಂದರೆ ನಾನು ಮಾಡಿದ ತಪ್ಪು ನಮ್ಮಂಥ ಸಾಫ್ಟ್‌ವೇರಿನವರೇ ಮಾಡುವ ಥರದ್ದು.

ಹಿಂದಿನ ದಿನ ನಾನು ಆಪ್ ನೋಡಿದ್ದೆ. ಗಾಳಿ ಕಮ್ಮಿ. ಮಳೆ ಇಲ್ಲ. ಅಲೆಯ ಎತ್ತರ ಒಂದು ಮೀಟರ್ ಚಿಲ್ಲರೆ. ಪಕ್ಕದಲ್ಲಿ ಪೀರಿಯಡ್ ಅಂತ ಇನ್ನೊಂದು ಕಾಲಂ, 16 ಸೆಕೆಂಡ್. ಅದನ್ನು ನೋಡಿ ಮುಂದೆ ಹೋದೆ. ಒಂದು ಅಲೆಗೂ ಇನ್ನೊಂದಕ್ಕೂ 16 ಸೆಕೆಂಡ್ ಬಿಡುವಿದೆ ಅಂದರೆ ಅದು ನಮ್ಮ ಊರ ಗಾಳಿ ಎಬ್ಬಿಸಿದ ಅಲೆ ಅಲ್ಲ. ಬಹಳ ದೂರದಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಎದ್ದು ಬಂದದ್ದು. ಅಂಥ ಅಲೆಗಳ ಗುಂಪು ಆಳ ನೀರಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರ್ ಸಾಗುತ್ತೆ. ಆರು ಸಾವಿರ ಕಿಲೋಮೀಟರ್ ದೂರದಿಂದ ಹೊರಟರೂ ಐದಾರು ದಿನದಲ್ಲಿ ನಮ್ಮ ದಂಡೆಯಲ್ಲಿ. ಆಳ ನೀರಲ್ಲಿ ಅದು ಕಣ್ಣಿಗೆ ಬೀಳೋದೇ ಇಲ್ಲ, ತಳ ಮೇಲೆ ಬಂದ ಹಾಗೆ ಎದ್ದು ನಿಲ್ಲುತ್ತೆ. ಆಕಾಶ ನಿರ್ಮಲ, ಗಾಳಿ ಇಲ್ಲ, ನೀರು ಮಾತ್ರ ಏರುತ್ತೆ. ಕೇರಳದ ಮೀನುಗಾರರು ಇದಕ್ಕೆ ಇಟ್ಟ ಹೆಸರು ಕಳ್ಳಕ್ಕಡಲ್. ನಮಗೆ ಅನುವಾದವೇ ಬೇಡ, ಕಳ್ಳ ಕಡಲು. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಇದರ ಕಾಟ ಹೆಚ್ಚು. ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಅವರು ಇದರ ಮುನ್ಸೂಚನೆಯನ್ನು ಪುಕ್ಕಟೆ ಕೊಡ್ತಾರೆ. ಬಂಡೆ ಕಡೆ ಹೋಗೋ ಯೋಚನೆ ಇದ್ದರೆ ಮೊದಲು ಅದನ್ನು ನೋಡಿ.

ಎತ್ತರದ್ದೂ ಒಂದು ಮೋಸ ಇದೆ. ಆಪ್‌ನಲ್ಲಿ ತೋರಿಸೋ ಎತ್ತರ ಬರಲಿರುವ ದೊಡ್ಡ ಅಲೆಯ ಎತ್ತರ ಅಲ್ಲ. ಅದು ಎಲ್ಲ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಪಾಲಿನ ಸರಾಸರಿ. ಸಾವಿರ ಅಲೆ ಬಂದರೆ ಅದರಲ್ಲಿ ಒಂದು ಸುಮಾರು ಎರಡು ಪಟ್ಟು ಇರುತ್ತೆ. ಹತ್ತು ಸೆಕೆಂಡಿಗೊಂದು ಅಲೆ ಅಂತ ಹಿಡಿದರೂ ಸಾವಿರ ಅಲೆ ಮೂರು ಗಂಟೆಯೊಳಗೆ ಬಂದು ಮುಗಿಯುತ್ತೆ. ಅಂದರೆ ಒಂದು ಬೆಳಗ್ಗೆ ಗಾಳ ಹಾಕಿದರೆ ಆ ಒಂದು ಅಲೆ ನಿಮಗೆ ಸಿಗೋದು ಬಹುತೇಕ ಖಾತ್ರಿ. ನೀವು ಆಫೀಸಿನಲ್ಲಿ ಸರ್ವರ್ ನೋಡುವಾಗ ಆವರೇಜ್ ರೆಸ್ಪಾನ್ಸ್ ಟೈಮ್ ನೋಡಿ ಸಮಾಧಾನ ಪಡ್ತೀರಾ? ಪಿ-99 ಎಷ್ಟು ಅಂತ ಕೇಳ್ತೀರಿ. ಅದೇ ನಾವು ಬಂಡೆ ಮೇಲೆ ಹೋದಾಗ ಆವರೇಜ್ ನೋಡಿ ಚಪ್ಪಾಳೆ ತಟ್ಟೋದು.

ಸರಿ, ವಾಪಸ್ ಬಂಡೆಗೆ.

ಎರಡು ಗಂಟೆ ಏನೂ ಇಲ್ಲ. ಎಸೆಯೋದು, ಎಳೆಯೋದು. ದೋಸ್ತ ಮೇಲಿಂದ ಅಲೆ ಎಣಿಸ್ತಾ ಇದ್ದ, ಅವನ ಕೆಲಸದ ಅಭ್ಯಾಸ. "ಎಂಟೊಂಬತ್ತ ಸಣ್ಣವು ಬರ್ತಾವ, ಆಮ್ಯಾಲ ಮೂರು ದೊಡ್ಡವು. ಒಂದೊಂದ ಸಲ ಹತ್ತ ನಿಮಿಷ ಏನೂ ಇಲ್ಲ." ಹಾಗೇ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಒಂದು ಮಾತು ಅಂದ, ಅದನ್ನು ನಾನು ಸಾಯೋವರೆಗೂ ಮರೆಯಲ್ಲ. "ದೋಸ್ತಾ, ನಮ್ಮೂರಾಗ ಹೊಳಿ ಬರ್ತದಲ್ಲ, ಮಳಿನೇ ಇರಂಗಿಲ್ಲ. ಬಿಸಲು ಬಿದ್ದಿರ್ತದ. ಉಜನಿಯಾಗ ಗೇಟ್ ತಗದಿರ್ತಾರ. ಇಲ್ಲಿ ಯಾರು ಗೇಟ್ ತಗೀತಾರ?"

ನಾನು ನಕ್ಕೆ. ಸಮುದ್ರಕ್ಕೆ ಎಂಥಾ ಗೇಟು ಮಾರಾಯಾ, ಅಂದೆ.

ಏಳೂಕಾಲಿಗೆ ಹೊಡೀತು. ಹೊಡೀತು ಅಂದರೆ ಕೈಯಿಂದ ಯಾರೋ ರಾಡ್ ಕಸಿದ ಹಾಗೆ. ರೀಲ್ ಕಿರುಚಿತು. ಮೂವತ್ತು ಮೀಟರ್ ಆಚೆ ಮೀನು ನೀರಿಂದ ಪೂರ್ತಿ ಮೇಲೆದ್ದು ತಲೆ ಝಾಡಿಸಿತು, ಕಿವಿರು ಪಟಪಟ ಅಂದ ಸದ್ದು ನನಗೆ ಕೇಳಿಸಿತು. ಬೆಳಗಿನ ಬಿಸಿಲಲ್ಲಿ ಮೈ ಹಿತ್ತಾಳೆ ಬಣ್ಣ. ಎಷ್ಟು ದೊಡ್ಡದು? ಮೀಟರ್ ಹತ್ತಿರ ಇತ್ತು ಅಂತ ನಾನು ಹೇಳ್ತೀನಿ, ದೋಸ್ತ ಮುಕ್ಕಾಲು ಅಂತಾನೆ. ನನ್ನ ಜೀವನದಲ್ಲಿ ಅಂಥದ್ದು ಅದಕ್ಕೆ ಮುಂಚೆ ಬಿದ್ದಿರಲಿಲ್ಲ.

ಹತ್ತು ನಿಮಿಷ ಎಳೆದಾಟ. ಮೀನು ಸುಸ್ತಾಗಿ ಬಂಡೆಯ ಬುಡಕ್ಕೆ ಬಂತು. ಅದನ್ನು ಎತ್ತಬೇಕಾದರೆ ನಾನು ಒಂದು ಮೆಟ್ಟಿಲು ಕೆಳಗಿನ ಚಪ್ಪಟೆ ಕಲ್ಲಿಗೆ ಇಳಿಯಬೇಕು. ಇಳಿದೆ. ಆಗ ನೀರು ಚೆನ್ನಾಗಿ ಕೆಳಗೆ ಹೋಗಿತ್ತು, ಬಂಡೆಯ ಬುಡದ ಚಿಪ್ಪುಗಳೆಲ್ಲ ಕಾಣ್ತಿದ್ದವು. ನನಗೆ, ಆಹಾ, ಎಷ್ಟು ಅನುಕೂಲ ಆಯ್ತು ಅನ್ನಿಸ್ತು.

ಮೇಲಿಂದ ದೋಸ್ತ ಕೂಗಿದ. "ನೀರ ಹಿಂದ ಸರದದ! ಮ್ಯಾಲ ಬಾ!"

ನಾನು "ಹಾಂ ಹಾಂ, ಬಂದೆ" ಅಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಕಂಟ್ರೋಲ್ ರೂಮಿನಲ್ಲಿ ಅಲಾರಂ ಬಂದಾಗ ಆಪರೇಟರ್ ಅಕ್ನಾಲೆಜ್ ಅಂತ ಒತ್ತಬೇಕು. ಒತ್ತಿದರೆ ಸದ್ದು ನಿಲ್ಲುತ್ತೆ. ಸದ್ದು ನಿಲ್ಲುತ್ತೆ ಅಷ್ಟೇ, ರಿಯಾಕ್ಟರ್ ಬಿಸಿ ಹಾಗೇ ಇರುತ್ತೆ. ದಿನಕ್ಕೆ ನೂರಾರು ಅಲಾರಂ ಬರುವ ಪ್ಲಾಂಟಿನಲ್ಲಿ ಕೈ ತಾನಾಗಿಯೇ ಒತ್ತುತ್ತೆ, ಕಣ್ಣು ಓದೋದೇ ಇಲ್ಲ. ಇದರ ಬಗ್ಗೆ ನಾನೇ ಎರಡು ಸಲ ಟ್ರೇನಿಂಗ್ ಕೊಟ್ಟಿದೀನಿ, ಸ್ಲೈಡ್ ಮಾಡಿದೀನಿ. ಆ "ಹಾಂ ಹಾಂ, ಬಂದೆ" ಇದೆಯಲ್ಲ, ಅದು ನಾನು ಒತ್ತಿದ ಅಕ್ನಾಲೆಜ್ ಬಟನ್. ಅವನನ್ನು ಸುಮ್ಮನಿರಿಸೋಕೆ.

ಎರಡನೇ ಸಲ ಕೂಗಿದ. ಈ ಸಲ ಬರೀ ನನ್ನ ಹೆಸರು. ನಾನು ಉತ್ತರ ಕೂಡ ಕೊಡಲಿಲ್ಲ. ಮೀನಿನ ಬಾಯಿ ನನ್ನ ಕೈಯಿಂದ ಒಂದು ಮೊಳ ದೂರದಲ್ಲಿತ್ತು.

ಮೂರನೇ ಸಲ ಅವನು ಕೂಗಲಿಲ್ಲ, ಇಳಿದು ಬಂದ. ಹಿಂದಿನಿಂದ ಬೆಲ್ಟ್ ಹಿಡಿದು ಎಳೆದ. ಅಷ್ಟರಲ್ಲಿ ಬಂತು.

ಅಲೆ ಬಡಿಯುತ್ತೆ ಅಂತ ಬರೀತಾರಲ್ಲ, ಇದು ಹಾಗಿರಲಿಲ್ಲ. ನೀರು ಸುಮ್ಮನೆ ಏರಿತು. ಮೊಣಕಾಲು, ಸೊಂಟ, ಎದೆ, ಆಮೇಲೆ ಕಾಲ ಕೆಳಗೆ ಏನೂ ಇಲ್ಲ. ನನ್ನನ್ನು ಎತ್ತಿ ಎರಡು ಬಂಡೆಗಳ ಸಂದಿಗೆ ತುರುಕಿತು, ಅದೇ ನನ್ನ ಅದೃಷ್ಟ. ಅವನನ್ನು ಚಿಪ್ಪುಗಳ ಮೇಲೆ ಉಜ್ಜಿಕೊಂಡು ಅಂಚಿನವರೆಗೆ ಒಯ್ದಿತು. ನೀರು ಇಳಿದಾಗ ನೋಡಿದೆ, ಅವನು ಅಂಚಿನಲ್ಲಿ ಹೊಟ್ಟೆ ಮೇಲೆ ಬಿದ್ದಿದ್ದ, ಒಂದು ಕಾಲು ಬರಬಾರದ ದಿಕ್ಕಿಗೆ ತಿರುಗಿತ್ತು. ಮೂರು ದೊಡ್ಡವು ಬರ್ತಾವೆ ಅಂತ ಅವನೇ ಎಣಿಸಿ ಹೇಳಿದ್ದನಲ್ಲ. ಇದು ಮೊದಲನೆಯದು.

ಎರಡನೆಯದು ಬರೋಕೆ ಹದಿನಾರು ಸೆಕೆಂಡ್. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಅಂತ ನನಗೆ ಸರಿಯಾಗಿ ನೆನಪಿಲ್ಲ. ಶರ್ಟಿನ ಕಾಲರ್ ಹಿಡಿದು ಎಳೆದದ್ದು, ಅವನು ಕಿರುಚಿದ್ದು, ಸಂದಿಯೊಳಗೆ ಇಬ್ಬರೂ ತುರುಕಿಕೊಂಡಿದ್ದು, ಎರಡನೆಯದು ತಲೆ ಮೇಲೆ ಹೋದದ್ದು. ಮೂರನೆಯದು ಸಣ್ಣದಿತ್ತು. ಆಮೇಲೆ ಹತ್ತು ನಿಮಿಷ ಸಮುದ್ರ ಕೆರೆ ಹಾಗೆ. ರಾಡ್ ಹೋಗಿತ್ತು, ಮೀನೂ ಹೋಗಿತ್ತು.

ನನ್ನ ಕೂಗು ಕೇಳಿ ಪಕ್ಕದ ಕೊಲ್ಲಿಯಲ್ಲಿ ದೋಣಿ ತೊಳೀತಿದ್ದ ಇಬ್ಬರು ಬಂದರು. ಬಲೆ ಮಡಚಿ ಜೋಲಿ ಮಾಡಿ ಅವನನ್ನು ಗುಡ್ಡ ಹತ್ತಿಸಿದರು. ಒಂದು ಗಂಟೆ ಬೇಕಾಯ್ತು. ಅದರಲ್ಲಿ ಹಿರಿಯರು ದಾರಿಯುದ್ದಕ್ಕೂ ನನ್ನ ಹತ್ತಿರ ಮಾತಾಡಲಿಲ್ಲ, ಗುಡ್ಡದ ಮೇಲೆ ಬಂದ ಮೇಲೆ ಒಂದೇ ಪ್ರಶ್ನೆ ಕೇಳಿದರು: "ನೀ ಯಾವ ಊರಿನವ?" ಕುಮಟಾ ಅಂತ ಹೇಳೋಕೆ ನಾಚಿಕೆಯಾಗಿ ಪುಣೆ ಅಂದೆ.

ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದರು. ಎಚ್ಚರಾದ ಮೇಲೆ ದೋಸ್ತ ಹೇಳಿದ ಮೊದಲ ಮಾತು, "ನಿನ್ನ ರಾಡ್ ಹೋತು, ನನಗ ರಾಡ್ ಬಂತು." ನಕ್ಕ. ನನಗೆ ನಗೋಕಾಗಲಿಲ್ಲ.

ಸಂಜೆ ಅವನ ಹೆಂಡತಿ ಬಂದರು. ಕುರಕುಂಭದಿಂದ ಟ್ಯಾಕ್ಸಿ ಮಾಡಿಕೊಂಡು, ಎರಡು ವರ್ಷದ ಮಗು ಕಂಕುಳಲ್ಲಿ. ಗಂಡನ ಹತ್ತಿರ ಸ್ವಲ್ಪ ಹೊತ್ತು ಕೂತು, ಹೊರಗೆ ಬಂದು ನನ್ನನ್ನು ಕೇಳಿದರು. "ಅಣ್ಣಾರ, ಅವರು ಕೂಗಿದ್ದು ನಿಮಗ ಕೇಳಸಲಿಲ್ಲೇನ್ರಿ?"

ನಾನು ಹೇಳಿದೆ, ಅಲೆಯ ಸದ್ದಿನಲ್ಲಿ ಕೇಳಿಸಲಿಲ್ಲ ವೈನಿ.

ದೋಸ್ತ ಒಳಗಿನಿಂದ ಇದನ್ನು ಕೇಳಿಸಿಕೊಂಡಿದ್ದ. ಏನೂ ಹೇಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ನಮ್ಮ ಪ್ಲಾಂಟಿನಲ್ಲಿ ಟ್ಯಾಂಕ್ ಒಳಗೆ ಇಳಿಯೋ ಕೆಲಸ ಇದ್ದಾಗ ಒಬ್ಬ ಒಳಗೆ, ಒಬ್ಬ ಮ್ಯಾನ್‌ಹೋಲ್ ಹತ್ತಿರ ಹೊರಗೆ. ಹೊರಗಿದ್ದವನಿಗೆ ಬೇರೆ ಕೆಲಸ ಕೊಡುವ ಹಾಗಿಲ್ಲ, ಫೋನ್ ನೋಡುವ ಹಾಗಿಲ್ಲ, ಜಾಗ ಬಿಡುವ ಹಾಗಿಲ್ಲ. ಒಳಗಿನವನು ಬಿದ್ದರೂ ಹಿಂದೆಯೇ ಇಳಿಯುವ ಹಾಗಿಲ್ಲ, ಯಾಕಂದರೆ ಬಿದ್ದವನನ್ನು ಎತ್ತೋಕೆ ಬರಿಗೈಯಲ್ಲಿ ಇಳಿದವರು ಒಬ್ಬರ ಹಿಂದೆ ಒಬ್ಬರು ಸತ್ತ ಸುದ್ದಿ ನಾವೆಲ್ಲ ಓದಿದ್ದೀವಿ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲಿ ಇಂಥ ಕಡೆ ಇಳಿಯುವವನ ಸೊಂಟಕ್ಕೆ ಬೆಲ್ಟ್, ಬೆಲ್ಟಿಗೆ ಹಗ್ಗ, ಆ ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿ ಇರಬೇಕು ಅಂತ ಬರೆದಿದ್ದರು. ದೋಸ್ತ ಹನ್ನೊಂದು ವರ್ಷದಿಂದ ಈ ಪಾಠ ಹೇಳ್ತಾ ಬಂದವನು. ಹೊರಗಿದ್ದವನು ಇಳಿಯಬಾರದು ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಾನು ಅವನನ್ನು ಇಳಿಯುವ ಹಾಗೆ ಮಾಡಿದೆ, ಅದೂ ಫೋಟೋ ತೆಗೆದು ವಾಪಸ್ ಬಿಡಬೇಕು ಅಂತ ನಾನೇ ಹೇಳಿದ್ದ ಮೀನಿಗೋಸ್ಕರ. ಕೈ ಬಿಟ್ಟಿದ್ದರೆ ಆಗ್ತಿತ್ತು. ರಾಡ್ ಕೆಳಗೆ ಹಾಕಿ ನಾಲ್ಕು ಹೆಜ್ಜೆ.

ಅವನು ಐದು ತಿಂಗಳು ಕೆಲಸಕ್ಕೆ ಬರಲಿಲ್ಲ. ಮೂರು ತಿಂಗಳು ಊರಲ್ಲೇ ಇದ್ದ. ನಾನು ಪ್ರತಿ ಭಾನುವಾರ ಫೋನ್ ಮಾಡ್ತಿದ್ದೆ, ಅವನು ಚೆನ್ನಾಗೇ ಮಾತಾಡ್ತಿದ್ದ, ಹಿಂದಿನಿಂದ ವೈನಿ "ಅಣ್ಣಾರಿಗಿ ನಮಸ್ಕಾರ ಹೇಳ್ರಿ" ಅನ್ನೋರು, ನನಗೆ ಗಂಟಲು ಒಣಗೋದು. ಒಂದು ಸಲ ದೌಂಡಿನಲ್ಲಿ ರೈಲು ಹತ್ತಿ ಕಲಬುರಗಿವರೆಗೂ ಹೋದೆ, ಇವತ್ತು ಹೇಳಿಬಿಡಬೇಕು ಅಂತ. ಅವರ ಮನೆಯಲ್ಲಿ ಹೋಳಿಗೆ ಮಾಡಿದ್ದರು. ತಿಂದು ವಾಪಸ್ ಬಂದೆ.

ಈ ಮಾತು ಕೊಡಲು ಚಾನೆಲಿನವರು ಕೇಳಿದಾಗ ದೋಸ್ತನ ಹತ್ತಿರ ಹೋದೆ. ಎರಡು ವರ್ಷ ಆಗಿತ್ತು, ಅವನು ಈಗ ಕುಂಟೋದು ಚಳಿಗಾಲದಲ್ಲಿ ಮಾತ್ರ. ನಮ್ಮ ಕತೆ ಹೇಳಲಾ ಅಂದೆ. ಅವನು, "ಹೇಳು. ಆದ್ರ ಮೊದಲ ಆಕಿಗಿ ಹೇಳು. ಆಕಿ ವಿಡಿಯೋದಾಗ ನೋಡಿ ತಿಳಕೋಬಾರದು."

ಹೋದ ತಿಂಗಳು ಹೋಗಿ ಹೇಳಿದೆ. ವೈನಿ ಮೆಂತೆ ಸೊಪ್ಪು ಬಿಡಿಸ್ತಾ ಕೂತಿದ್ದರು. ನಾನು ಹೇಳಿ ಮುಗಿಸೋವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿದರು. ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ, ಚಹಾ ಕೂಡ ಬರಲಿಲ್ಲ. ದೋಸ್ತ ಟಿವಿ ನೋಡ್ತಾ ಕೂತಿದ್ದ, ಟಿವಿ ಆಫ್ ಆಗಿತ್ತು. ನಾನು ಎದ್ದು ಚಪ್ಪಲಿ ಹಾಕ್ಕೊಳ್ಳುವಾಗ ಬಾಗಿಲಿಗೆ ಬಂದು ಕೇಳಿದರು, "ಮತ್ತ ಹೋಗೋರಿದ್ದೀರೇನು, ಅಲ್ಲಿಗಿ?"

ನಾನು ಇಲ್ಲ ಅನ್ನೋಕೆ ಬಾಯಿ ತೆಗೆದೆ. ದೋಸ್ತ ಒಳಗಿಂದಲೇ "ಹೋಗೋರು, ಅಕ್ಟೋಬರದಾಗ" ಅಂದ.

"ಹಂಗಾದ್ರ ಯಾರು ಎಲ್ಲಿ ನಿಂತೀರಿ, ನನಗ ಫೋಟೋ ಕಳಸ್ರಿ" ಅಂದು ಬಾಗಿಲು ಹಾ‌ಕಿದರು. ಮೆಲ್ಲಗೆ ಹಾಕಿದರು ಅಂತ ಹೇಳಲ್ಲ.

ಈಗ ತಯಾರಿ ನಡೀತಾ ಇದೆ. ಎರಡು ಲೈಫ್ ಜಾಕೆಟ್ ಬಂದಿವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಂಡೆ ಮೇಲೆ ಮೀನು ಹಿಡಿಯೋರಿಗೆ ಅಂತಲೇ 2016ರಲ್ಲಿ ಕಾಯ್ದೆ ಮಾಡಿದರು, ಅಪಾಯದ ಜಾಗ ಅಂತ ಗುರುತಿಸಿದ ಕಡೆ ಜಾಕೆಟ್ ಹಾಕದೆ ನಿಂತರೆ ದಂಡ. ನಮ್ಮ ಬಂಡೆಗಳ ಮೇಲೆ ಕೇಳೋರಿಲ್ಲ, ನಾವೇ ಕೇಳ್ಕೋಬೇಕು. ಇಪ್ಪತ್ತು ಮೀಟರ್ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿ ಮಾಡಿದ ಐದು ಲೀಟರ್ ಖಾಲಿ ಎಣ್ಣೆ ಕ್ಯಾನ್. ನೀರಿಗೆ ಬಿದ್ದವನ ಹತ್ತಿರ ಎಸೆಯೋಕೆ ಅದಕ್ಕಿಂತ ಒಳ್ಳೇದು ಅಷ್ಟು ಅಗ್ಗಕ್ಕೆ ಸಿಗಲ್ಲ. ಯಾರೂ ಹಾರೋದಿಲ್ಲ. ಬಿದ್ದವನು ಬಂಡೆ ಹತ್ತೋಕೆ ಒದ್ದಾಡಬಾರದು, ಆಚೆಗೆ ಈಜಿ ತೇಲ್ತಾ ಇರಬೇಕು. ಬಂಡೆಗೆ ಇಳಿಯೋ ಮುಂಚೆ ಅರ್ಧ ಗಂಟೆ ಮೇಲೆ ಕೂತು ಬರೀ ನೀರು ನೋಡೋದು, ಹಸಿ ಬಂಡೆ ಮೇಲೆ ಕಾಲಿಡೋದಿಲ್ಲ. ಮೇಲಿದ್ದವನು ಒಂದು ಸಲ ಕೂಗಿದರೆ ರಾಡ್ ಅಲ್ಲೇ ಬಿಟ್ಟು ಬರೋದು, ಯಾಕೆ ಅಂತ ಕೇಳೋದು ಮೇಲೆ ಬಂದ ಮೇಲೆ.

ಭಿಗವಣದಲ್ಲಿ ಇದನ್ನೆಲ್ಲ ಅಭ್ಯಾಸ ಮಾಡ್ತಿದ್ದೀವಿ. ಚಿಲಾಪಿ ಹಿಡಿಯೋಕೆ ಲೈಫ್ ಜಾಕೆಟ್ ಹಾಕ್ಕೊಂಡು ನಿಂತ ಇಬ್ಬರನ್ನು ನೋಡಿ ರಾಜಹಂಸದ ಫೋಟೋದವರು ಕ್ಯಾಮೆರಾ ನಮ್ಮ ಕಡೆ ತಿರುಗಿಸ್ತಾರೆ. ದೋಸ್ತ ಈಗ ಒಂಬತ್ತಡಿ ರಾಡ್ ಚೆನ್ನಾಗಿ ಬೀಸ್ತಾನೆ, ಭುಜ ಗಟ್ಟಿ ಇದೆ. ಅಕ್ಟೋಬರಿನಲ್ಲಿ ಗಾಳ ಅವನ ಕೈಯಲ್ಲಿ. ಮೇಲೆ ಫ್ಲಾಸ್ಕ್ ಇಟ್ಕೊಂಡು ಅಲೆ ಎಣಿಸೋನು ನಾನು.